450 ಸೈಜಿನ ರಿಮೋಟ್ ಕಂಟ್ರೋಲ್ ಹೆಲಿ: ಪಿಚ್ ಕೊಟ್ಟಾಗ ಬಾಲ ಒದೆಯುತ್ತೆ, ಸ್ವಾಶ್ ಮಾತು ಕೇಳಲ್ಲ. ಬ್ಯಾಟರಿ ಬದಲಿಸಬೇಕಾ, ಮೋಟರ್ ಬದಲಿಸಬೇಕಾ?

ಹುಬ್ಬಳ್ಳಿ_ರೋಟರ್

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ 450 ಸೈಜಿನ ಹೆಲಿ ತಗೊಂಡಿದ್ದೇನೆ. 325 ಮಿಮೀ ಕಾರ್ಬನ್ ಬ್ಲೇಡ್, 3500 ಕೆವಿ ಮೋಟರ್ (ವೋಲ್ಟಿಗೆ ನಿಮಿಷಕ್ಕೆ 3500 ಸುತ್ತು), 13 ಹಲ್ಲಿನ ಪಿನಿಯನ್ (ಮೋಟರಿನ ಪುಟ್ಟ ಗೇರ್), 150 ಹಲ್ಲಿನ ಮೇನ್ ಗೇರ್, 35 ಆಂಪ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ). ಬ್ಯಾಟರಿ 3ಎಸ್ (ಮೂರು ಸೆಲ್ಲಿನದ್ದು) 2200 ಎಂಎಎಚ್, ಮೇಲೆ 25ಸಿ (ಸಾಮರ್ಥ್ಯದ 25 ಪಟ್ಟು ಕರೆಂಟ್ ಕೊಡುತ್ತೆ) ಅಂತ ಬರೆದಿದೆ. ಬಾಲಕ್ಕೆ ಬೆಲ್ಟ್ ಡ್ರೈವ್. ಹಳೇ ಮಾಲೀಕರೇ ಫ್ಲೈಬಾರ್ (ರೋಟರನ್ನು ಸ್ಥಿರವಾಗಿಡುವ ಅಡ್ಡಕಡ್ಡಿ) ತೆಗೆದು, ಅದೇ ಕೆಲಸವನ್ನು ಎಲೆಕ್ಟ್ರಾನಿಕ್ ಆಗಿ ಮಾಡುವ ಎಫ್‌ಬಿಎಲ್ ಯೂನಿಟ್ ಹಾಕಿದ್ದಾರೆ. ಸರ್ವೋಗಳನ್ನೂ (ಬ್ಲೇಡಿನ ಕೋನ ಬದಲಿಸುವ ಪುಟ್ಟ ಮೋಟರ್‌ಗಳು) ಮೆಟಲ್ ಗೇರಿನ ಡಿಜಿಟಲ್ ಮಾಡಿದ್ದಾರೆ.

ಹೋವರ್ ಚೆನ್ನಾಗಿ ಆಗುತ್ತೆ. ಪಿಚ್, ಅಂದರೆ ಬ್ಲೇಡಿನ ಕೋನ, ಒಮ್ಮೆಲೇ ಏರಿಸಿದರೆ ಮಾತ್ರ ಬಾಲ ಒಂದು ಕಡೆಗೆ ಒದೆಯುತ್ತೆ. ಒಮ್ಮೊಮ್ಮೆ ಇನ್ನೂ ಕೆಟ್ಟದ್ದು ಆಗುತ್ತೆ. ಸ್ಟಿಕ್ ಅಲ್ಲಾಡಿಸಿದರೂ ಒಂದರೆಕ್ಷಣ ಸ್ವಾಶ್ (ಬ್ಲೇಡುಗಳನ್ನು ಓರೆ ಮಾಡುವ ತಟ್ಟೆ) ಕದಲುವುದೇ ಇಲ್ಲ. ಮೊಣಕಾಲೆತ್ತರದಲ್ಲೇ ಹಾರಿಸುತ್ತಿರುವುದರಿಂದ ಇನ್ನೂ ಬಚಾವ್. ಅಂಗಡಿಯವರು 60ಸಿ ಬ್ಯಾಟರಿ ತಗೊಳ್ಳಿ, ಮೋಟರೂ ದೊಡ್ಡದು ಹಾಕಿ ಅಂತಾರೆ. ಏನು ಮಾಡಲಿ?

ಟೇಲ್‌ಬೂಮ್

ಸದ್ಯಕ್ಕೆ ಒಂದು ರೂಪಾಯಿನೂ ಬಿಚ್ಚಬೇಡಿ. ಇಲ್ಲಿರುವುದು ಎರಡು ಬೇರೆ ಬೇರೆ ಕಾಯಿಲೆ. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ಆಗಲ್ಲ.

ಬಾಲ ಒದೆಯುವುದು ಹೆಡ್‌ಸ್ಪೀಡಿನ (ಮೇಲಿನ ರೋಟರಿನ ವೇಗದ) ಸಮಸ್ಯೆ ಇರಬಹುದು. ಬಾಲದ ರೋಟರ್ ತಿರುಗುವುದು ಮೇನ್ ಗೇರಿನಿಂದಲೇ ಅಲ್ವಾ? ಪಿಚ್ ಏರಿಸಿದ ತಕ್ಷಣ ಮೇಲಿನ ರೋಟರಿಗೆ ಹೊರೆ ಬಿದ್ದು ವೇಗ ಇಳಿಯುತ್ತೆ. ಜೊತೆಗೇ ಬಾಲದ ವೇಗವೂ ಇಳಿಯುತ್ತೆ. ಒಡಲನ್ನು ಉಲ್ಟಾ ತಿರುಗಿಸುವ ಟಾರ್ಕ್ ಮಾತ್ರ ಸರಿಯಾಗಿ ಆ ಹೊತ್ತಿಗೇ ಜಾಸ್ತಿಯಾಗುತ್ತೆ. ಬಾಲಕ್ಕೆ ಹೆಚ್ಚು ಕಸುವು ಬೇಕಾದ ಗಳಿಗೆಯಲ್ಲೇ ಅದರ ಕಸುವು ಕಮ್ಮಿ.

ಸ್ವಾಶ್ ನಿಂತುಹೋಗುವ ವಿಷಯ ಬೇರೆ. ಅದು 11 ವೋಲ್ಟಿನ ಜಗಳ ಅಲ್ಲ, 5 ವೋಲ್ಟಿನದ್ದು. ಮೂರು ಪ್ರಶ್ನೆ ಇವೆ. ರಿಸೀವರಿಗೆ ಕರೆಂಟ್ ಎಲ್ಲಿಂದ ಬರುತ್ತಿದೆ, ಇಎಸ್‌ಸಿಯೊಳಗಿನ ಬಿಇಸಿಯಿಂದಲಾ (ಬ್ಯಾಟರಿ ವೋಲ್ಟನ್ನು 5ಕ್ಕೆ ಇಳಿಸಿ ಕೊಡುವ ಭಾಗ)? ಇಳಿಸಿದ ಮೇಲೆ ರಿಸೀವರಿನ ದೀಪ ಏನಾದರೂ ಮಿಣುಕುತ್ತಾ? ಬಾಲ ಒದೆಯುವಾಗ ಮೂತಿ ಎಡಕ್ಕೆ ಹೋಗುತ್ತಾ, ಬಲಕ್ಕಾ?

ಹುಬ್ಬಳ್ಳಿ_ರೋಟರ್

ಹೌದು, ಬಿಇಸಿ ಇಎಸ್‌ಸಿಯದ್ದೇ. ಸ್ಟಿಕರ್ ಮೇಲೆ 5 ವೋಲ್ಟ್ 2 ಆಂಪ್, ಲೀನಿಯರ್ ಅಂತಿದೆ. ದೀಪ ಮಿಣುಕುತ್ತೆ. ಬ್ಯಾಟರಿ ತೆಗೆದು ಮತ್ತೆ ಹಾಕಿದರೆ ಸರಿಯಾಗುತ್ತೆ. ಮೂತಿ ಎಡಕ್ಕೆ. ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ಸುತ್ತುತ್ತೆ.

ಟೇಲ್‌ಬೂಮ್

ಹಾಗಾದರೆ ಎರಡೂ ಸಿಕ್ಕ ಹಾಗೇ. ರೋಟರ್ ಗಡಿಯಾರದ ದಿಕ್ಕಿಗೆ ಸುತ್ತಿದರೆ ಒಡಲು ಎಡಕ್ಕೆ ತಿರುಗಲು ನೋಡುತ್ತೆ. ಮೂತಿ ಎಡಕ್ಕೆ ಹೋಯಿತು ಅಂದರೆ ಟಾರ್ಕ್ ಗೆದ್ದಿತು, ಬಾಲ ಸೋತಿತು. ದೀಪ ಮಿಣುಕಿತು ಅಂದರೆ ಹಾರುತ್ತಿರುವಾಗಲೇ ನಿಮ್ಮ ರಿಸೀವರ್ ಸತ್ತು ಹುಟ್ಟಿದೆ. ವೋಲ್ಟ್ ಕುಸಿದು ಹೀಗಾಗುವುದೇ ಬ್ರೌನ್‌ಔಟ್. ಇನ್ನು ಮೇಷ್ಟ್ರು ಬಂದು ಲೆಕ್ಕ ಹಾಕಲಿ, ಇದು ಅವರ ಇಷ್ಟದ ಪಾಠ.

ಮೀಟರ್_ಮೇಷ್ಟ್ರು

ಕರೆದಿರಿ, ಬಂದೆ.

ಲೀನಿಯರ್ ಬಿಇಸಿ ಹೆಚ್ಚಿಗೆ ಇರುವ ವೋಲ್ಟನ್ನು ಶಾಖ ಮಾಡಿ ಕಳೆಯುತ್ತೆ. ಬೇರೆ ಉಪಾಯ ಅದಕ್ಕೆ ಗೊತ್ತಿಲ್ಲ. ಫುಲ್ ಚಾರ್ಜ್ ಆದ 3ಎಸ್ ಪ್ಯಾಕ್ 12.6 ವೋಲ್ಟ್. ಬೇಕಾದದ್ದು 5. ಮಿಕ್ಕ 7.6 ವೋಲ್ಟ್ ಸುಡಬೇಕು. 2 ಆಂಪ್ ಹರಿದರೆ 7.6 ಗುಣಿಸು 2, ಅಂದರೆ 15 ವ್ಯಾಟಿನ ಮೇಲೆ. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬಳಸುವ 25 ವ್ಯಾಟಿನ ಸೋಲ್ಡರಿಂಗ್ ಐರನ್ನಿನ ಅರ್ಧಕ್ಕಿಂತ ಜಾಸ್ತಿ ಬಿಸಿ, ಉಗುರಗಲದ ಚಿಪ್‌ಗಳಲ್ಲಿ, ಅದೂ ಹೀಟ್‌ಶ್ರಿಂಕ್ ಸುತ್ತಿಕೊಂಡು! ಚಿಪ್ ಬಿಸಿಯಾದಾಗ ತನ್ನನ್ನು ಕಾಪಾಡಿಕೊಳ್ಳಲು ಕರೆಂಟ್ ಕಡಿಮೆ ಮಾಡುತ್ತೆ, ಇಲ್ಲವೇ ಪೂರ್ತಿ ಬಂದ್ ಮಾಡುತ್ತೆ. ಅಷ್ಟರಲ್ಲಿ ರಿಸೀವರಿನ ಕಥೆ ಮುಗಿದಿರುತ್ತೆ.

ಇನ್ನೊಂದು ವಿಷಯವನ್ನು ಜನ ಗಮನಿಸುವುದಿಲ್ಲ. ನಿಮ್ಮ ಹೆಲಿ ಮೊದಲು ಫ್ಲೈಬಾರಿನದ್ದು. ಆಗ ಬ್ಲೇಡಿನ ಭಾರವನ್ನು ಫ್ಲೈಬಾರ್ ತುದಿಯ ಪ್ಯಾಡಲ್‌ಗಳು ಹಂಚಿಕೊಳ್ಳುತ್ತಿದ್ದವು. ಸರ್ವೋ ಪ್ಯಾಡಲ್ ತಿರುಗಿಸಿದರೆ ಮಿಕ್ಕ ಕೆಲಸ ಬಹುಪಾಲು ಗಾಳಿಯೇ ಮಾಡುತ್ತಿತ್ತು. ಫ್ಲೈಬಾರ್ ತೆಗೆದ ಮೇಲೆ ಆ ಭಾರವೆಲ್ಲ ನೇರವಾಗಿ ಸ್ವಾಶ್ ಅಲ್ಲಾಡಿಸುವ ಮೂರು ಸೈಕ್ಲಿಕ್ ಸರ್ವೋಗಳ ಮೇಲೆ ಬರುತ್ತೆ. ಅದರ ಮೇಲೆ ಎಫ್‌ಬಿಎಲ್ ಯೂನಿಟ್ ಕ್ಷಣಕ್ಷಣಕ್ಕೂ ತಿದ್ದುತ್ತಿರುತ್ತೆ, ನೀವು ಸ್ಟಿಕ್ ಮುಟ್ಟದಿದ್ದರೂ. ಬಾಲದ ಸರ್ವೋ ಅಂತೂ ಒಂದು ಕ್ಷಣ ಸುಮ್ಮನಿರಲ್ಲ. ಈ ಗಾತ್ರದ ಡಿಜಿಟಲ್ ಸರ್ವೋ ಜೋರಾಗಿ ಒದ್ದಾಡುವಾಗ ಒಂದೊಂದೂ 1 ಆಂಪಿನ ಹತ್ತಿರ ಎಳೆಯಬಹುದು. ನಾಲ್ಕೂ ಒಟ್ಟಿಗೆ ಎಳೆದರೆ? 2 ಆಂಪಿನ ಬಿಇಸಿ ಅನಲಾಗ್ ಸರ್ವೋ ಮತ್ತು ಫ್ಲೈಬಾರ್ ಕಾಲಕ್ಕೆ ಆಗುತ್ತಿತ್ತು. ಸರ್ವೋ ಬದಲಿಸಿದವರು ಅದಕ್ಕೆ ಊಟ ಹಾಕುವವನನ್ನು ಬದಲಿಸಿಲ್ಲ.

ಪರೀಕ್ಷೆ ಹೀಗೆ ಮಾಡಿ. ಮೊದಲು ಮೋಟರಿನ ಮೂರು ವೈರ್ ಬಿಚ್ಚಿ. ಇದನ್ನು ಮರೆಯಬೇಡಿ. ಬ್ಲೇಡೂ ತೆಗೆದಿಡಿ. ಫುಲ್ ಬ್ಯಾಟರಿ ಹಾಕಿ. ರಿಸೀವರಿನ ಖಾಲಿ ಪೋರ್ಟಿಗೆ ಮಲ್ಟಿಮೀಟರ್ ಕೊಡಿ, ಮೀಟರಿನಲ್ಲಿ ಮಿನ್ ಹೋಲ್ಡ್ (ಕನಿಷ್ಠ ಅಂಕಿ ಹಿಡಿದಿಡುವುದು) ಇದ್ದರೆ ಹಾಕಿ. ಎರಡೂ ಸ್ಟಿಕ್ಕನ್ನು ಒಟ್ಟಿಗೆ ಗರಗರ ತಿರುಗಿಸಿ. ಒಂದೆರಡು ನಿಮಿಷ ಬಿಡಬೇಡಿ, ಬಿಸಿಯಾಗಲಿ. 4.8ಕ್ಕಿಂತ ಕೆಳಗೆ ಇಳಿದರೆ ನನಗೆ ಅನುಮಾನ. ಸಾಮಾನ್ಯ ಮೀಟರ್ ನಿಧಾನ, ಮಿಂಚಿ ಮಾಯವಾಗುವ ಕುಸಿತ ಅದಕ್ಕೆ ಕಾಣಿಸಲ್ಲ. ಮೀಟರಿಗೇ 4.4 ಕಂಡಿತು ಅಂದರೆ ನಿಜವಾದ ತಳ ಇನ್ನೂ ಕೆಳಗಿದೆ ಅಂತಲೇ ತಿಳಿಯಿರಿ. ಬಹಳ ರಿಸೀವರ್‌ಗಳು 3.5 ವೋಲ್ಟ್ ಆಸುಪಾಸಿನಲ್ಲಿ ಕಣ್ಣು ಮುಚ್ಚುತ್ತವೆ.

ನೈಟ್ರೋ_ಗೌಡ

ನಮ್ಮ ಕಾಲದಲ್ಲಿ ಈ ರಗಳೆನೇ ಇರಲಿಲ್ಲ ಸ್ವಾಮಿ. 50 ಸೈಜಿನ ಎಂಜಿನ್ ಸುಮಾರು 8 ಸಿಸಿ, ಅದಕ್ಕೆ ಮೆಥನಾಲ್, ಎಣ್ಣೆ, ನೈಟ್ರೋಮೀಥೇನ್. ರಿಸೀವರಿಗೆ ತನ್ನದೇ ನಾಲ್ಕು ಸೆಲ್ಲಿನ 4.8 ವೋಲ್ಟ್ ಪ್ಯಾಕ್. ಎಂಜಿನ್ ಆಕಾಶದಲ್ಲೇ ನಿಂತುಹೋದರೂ ಸರ್ವೋಗಳು ಜೀವಂತ. ಆಟೋರೊಟೇಶನ್ ಮಾಡಿ, ಅಂದರೆ ಗಾಳಿಗೇ ಸುತ್ತುವ ರೋಟರಿನ ಬಲದಲ್ಲಿ, ಇಳಿಸುತ್ತಿದ್ದೆವು. ಎಲೆಕ್ಟ್ರಿಕ್ಕಿನಲ್ಲಿ ಎಲ್ಲರೂ ಒಂದೇ ಬಾವಿಯ ನೀರು ಕುಡಿಯಬೇಕು. ಇಎಸ್‌ಸಿ ಸುಟ್ಟರೆ ಅದರೊಳಗಿನ ಬಿಇಸಿಯೂ ಹೋಯಿತು, ಆಟೋರೊಟೇಶನ್ನೂ ಇಲ್ಲ, ಏನೂ ಇಲ್ಲ.

ಯಲಹಂಕ_ಹುಡ್ಗ

ಗೌಡ್ರೇ, ಆ ನೈಟ್ರೋ ಫ್ಯೂಯಲ್ ಈಗ ಎಲ್ಲಿ ಸಿಗುತ್ತೆ ಅಂತಲೂ ಹೇಳಿಬಿಡಿ 😄

ನೈಟ್ರೋ_ಗೌಡ

ಸಿಗಲ್ಲ ಮಗಾ, ಅದಕ್ಕೇ ಇಲ್ಲಿ ಬಂದು ಕೂತಿರೋದು.

ಕರಾವಳಿ_ಕಾಪ್ಟರ್

ಬಿಇಸಿ ಮಾತು ಒಪ್ಪಿದೆ. ಆದರೆ ಬ್ಯಾಟರಿಯನ್ನು ಇಷ್ಟು ಸುಲಭಕ್ಕೆ ಬಿಟ್ಟುಬಿಡಬೇಡಿ. ಪ್ಯಾಕ್ ಸೊರಗಿದ್ದರೆ ಪಿಚ್ ಕೊಟ್ಟಾಗ ವೋಲ್ಟ್ ಕುಸಿಯುತ್ತೆ, ಹೆಡ್‌ಸ್ಪೀಡ್ ಬೀಳುತ್ತೆ, ಬಾಲ ಒದೆಯುತ್ತೆ. ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ನನಗಂತೂ 25ಸಿ ಪ್ಯಾಕ್ 450ಕ್ಕೆ ಯಾವತ್ತೂ ಹಿಡಿಸಿಲ್ಲ.

ಟೇಲ್‌ಬೂಮ್

ಲೆಕ್ಕ ನೋಡೋಣ. 2.2 ಗುಣಿಸು 25 ಅಂದರೆ 55 ಆಂಪ್. ಇಎಸ್‌ಸಿ ತಡೆಯುವುದೇ 35. ಬರೆದದ್ದು ನಿಜವೇ ಆಗಿದ್ದರೆ ಸಾಕು, ಮಿಗುತ್ತೆ ಕೂಡ. ಸರಾಸರಿ ಎಷ್ಟು ಎಳೆಯುತ್ತೆ ಅಂತ ತಿಳಿಯಲು ಮೀಟರೇ ಬೇಕಿಲ್ಲ. ಪ್ಯಾಕಿನ 80 ಪರ್ಸೆಂಟ್ ಮಾತ್ರ ಬಳಸಬೇಕು, ಅಂದರೆ 1760 ಎಂಎಎಚ್. ಅದು 8 ನಿಮಿಷ ಬಂದರೆ ಸರಾಸರಿ 13 ಆಂಪ್. 6 ನಿಮಿಷ ಬಂದರೆ 17.6. ಪಿಚ್ ಏಟಿಗೆ ಇದರ ಎರಡು ಮೂರು ಪಟ್ಟು ಹಾರುತ್ತೆ, ಅದೂ ಕ್ಷಣಮಾತ್ರ.

ತೊಂದರೆ ಏನೆಂದರೆ ಸಿ ನಂಬರ್ ಸ್ಟಿಕರ್ ಅಂಟಿಸುವವನ ಮರ್ಜಿ. 60ಸಿ ಅಂತ ಬರೆದ ಪ್ಯಾಕ್ 30ಸಿ ಪ್ಯಾಕಿಗಿಂತ ಕಡೆಯಾಗಿ ನಡೆದದ್ದು ಇಲ್ಲಿ ಬಹಳ ಜನ ಕಂಡಿದ್ದಾರೆ. ಸ್ಟಿಕರ್ ಬಿಟ್ಟು ಇಂಟರ್ನಲ್ ರೆಸಿಸ್ಟೆನ್ಸ್ ನೋಡಿ. ಈಗಿನ ಬಹುಪಾಲು ಚಾರ್ಜರ್‌ಗಳು ಒಂದೊಂದು ಸೆಲ್ಲಿನದ್ದೂ ತೋರಿಸುತ್ತವೆ. ಮೂರು ಸೆಲ್ಲೂ ಹೆಚ್ಚುಕಮ್ಮಿ ಒಂದೇ ಇದ್ದರೆ ನೆಮ್ಮದಿ. ಒಂದು ಸೆಲ್ ಮಿಕ್ಕೆರಡರ ದುಪ್ಪಟ್ಟು ತೋರಿಸಿದರೆ ಆ ಪ್ಯಾಕಿಗೆ ಹೋವರ್ ಪ್ರಾಕ್ಟೀಸೂ ಬೇಡ. ಅಳೆಯುವಾಗ ಪ್ಯಾಕ್ ರೂಮಿನ ಬಿಸಿಯಲ್ಲೇ ಇರಲಿ. ತಣ್ಣಗಿದ್ದರೆ ರೆಸಿಸ್ಟೆನ್ಸ್ ಸುಮ್ನೆ ಜಾಸ್ತಿ ಬರುತ್ತೆ.

ಹುಬ್ಬಳ್ಳಿ_ರೋಟರ್

ಅಳೆದೆ. ಸುಮ್ಮನಿದ್ದಾಗ 5.1 ವೋಲ್ಟ್. ಸ್ಟಿಕ್ ತಿರುಗಿಸಿದರೆ ಮೀಟರಿನಲ್ಲೇ 4.3ಕ್ಕೆ ಇಳಿಯಿತು. ಸ್ವಲ್ಪ ಹೊತ್ತಿಗೆ ಇಎಸ್‌ಸಿಯ ಒಂದು ಮೂಲೆ ಕೈ ಇಡಲಾಗದಷ್ಟು ಬಿಸಿ. ಮೋಟರೇ ಓಡುತ್ತಿಲ್ಲ, ಆದರೂ! ಆಮೇಲೆ ಸರ್ವೋಗಳು ಒಮ್ಮೆ ನಿಂತು, ಝರ್ ಅಂದು, ಮತ್ತೆ ಶುರುವಾದವು. ದೀಪ ಮಿಣುಕಿತು. ಮೇಷ್ಟ್ರೇ, ನೀವು ಹೇಳಿದ್ದೇ ಟೇಬಲ್ ಮೇಲೆ ನಡೆಯಿತು.

ಬ್ಯಾಟರಿ: 9, 10, 21 ಮಿಲಿಓಮ್.

ಕರಾವಳಿ_ಕಾಪ್ಟರ್

ಮೂರನೇ ಸೆಲ್ ನೋಡಿ. ನಾನು ಹೇಳಲಿಲ್ವಾ?

ಟೇಲ್‌ಬೂಮ್

ಹೇಳಿದಿರಿ, ಒಪ್ಪಿದೆ. ಪ್ಯಾಕೂ ಹೋಗಲಿ. ಆದರೆ ಹೊಸ ಪ್ಯಾಕ್ ಒಂದನ್ನೇ ಹಾಕಿದ್ದರೆ ಬಾಲ ಸ್ವಲ್ಪ ಸುಧಾರಿಸುತ್ತಿತ್ತು, ಇವರಿಗೆ ಧೈರ್ಯ ಬಂದು ಎತ್ತರಕ್ಕೆ ಹಾರಿಸುತ್ತಿದ್ದರು, ಅಲ್ಲಿ ಬ್ರೌನ್‌ಔಟ್ ಆಗುತ್ತಿತ್ತು. ಹಾಗಾಗಿ ಮೊದಲು ಬಿಇಸಿ.

ಹುಬ್ಬಳ್ಳಿ_ರೋಟರ್, ಸ್ವಿಚಿಂಗ್ ಬಿಇಸಿ ಬೇರೆಯಾಗಿ ತಗೊಳ್ಳಿ. ಸತತ 5 ಆಂಪ್, ಕ್ಷಣಕ್ಕೆ 8 ಆಂಪ್ ಕೊಡುವಂಥದ್ದು ಈ ಸೈಜಿಗೆ ಸಾಕು. ಇದು ಹೆಚ್ಚಿನ ವೋಲ್ಟನ್ನು ಸುಡುವುದಿಲ್ಲ, ಕತ್ತರಿಸಿ ಕತ್ತರಿಸಿ ಕೊಡುತ್ತೆ. ಬಿಸಿ ಬಹಳ ಕಮ್ಮಿ. ಜೋಡಿಸುವಾಗ:

ಬಿಇಸಿಯ ಇನ್‌ಪುಟ್ ವೈರನ್ನು ನೇರ ಬ್ಯಾಟರಿ ಕನೆಕ್ಟರಿನ ಹಿಂದೆ ಸೋಲ್ಡರ್ ಮಾಡಿ. ಔಟ್‌ಪುಟ್ ರಿಸೀವರಿಗೆ ಅಥವಾ ಎಫ್‌ಬಿಎಲ್ ಯೂನಿಟ್ಟಿಗೆ. ಇಎಸ್‌ಸಿಯಿಂದ ಬರುವ ಮೂರೆಳೆಯ ಥ್ರಾಟಲ್ ವೈರಿನಲ್ಲಿ ನಡುವಿನ ಕೆಂಪು ಪಿನ್ನನ್ನು ಪ್ಲಗ್ಗಿನಿಂದ ಹೊರಗೆಳೆದು ಟೇಪ್ ಸುತ್ತಿ ಮಡಚಿಡಿ. ಕತ್ತರಿಸಬೇಡಿ, ಮುಂದೆ ಬೇಕಾಗಬಹುದು. ಸಿಗ್ನಲ್ ಮತ್ತು ಗ್ರೌಂಡ್ ಇರಲೇಬೇಕು. ಕೆಂಪು ತೆಗೆಯದಿದ್ದರೆ ಎರಡು ಬಿಇಸಿಗಳು ಒಂದೇ ಲೈನಿನಲ್ಲಿ ಒಂದರ ಜೊತೆ ಒಂದು ಗುದ್ದಾಡುತ್ತವೆ.

ವೋಲ್ಟ್ ಎಷ್ಟು ಇಡಬೇಕು ಅನ್ನುವುದನ್ನು ಸರ್ವೋ ಹೇಳುತ್ತೆ, ಬಿಇಸಿ ಅಲ್ಲ. ನಿಮ್ಮ ನಾಲ್ಕೂ ಸರ್ವೋ 6 ವೋಲ್ಟ್ ತಡೆಯುತ್ತವೆ ಅಂತ ಖಾತ್ರಿ ಮಾಡಿಕೊಂಡೇ 6 ಇಡಿ. ಬಾಲದ ಸರ್ವೋ ಬೇರೆ ಕಂಪನಿಯದ್ದಾಗಿದ್ದರೆ ಅದನ್ನು ಎರಡೆರಡು ಸಲ ನೋಡಿ. ಹಳೇ ಬಾಲದ ಸರ್ವೋಗಳಲ್ಲಿ 5 ವೋಲ್ಟಿಗೇ ಮಾಡಿದವೂ ಇವೆ. ಎಫ್‌ಬಿಎಲ್ ಸೆಟಪ್ಪಿನಲ್ಲಿ ಬಾಲದ ಸರ್ವೋದ ಸಿಗ್ನಲ್ ಪಲ್ಸ್ 1520 ಮೈಕ್ರೋಸೆಕೆಂಡಾ, 760ಆ ಅನ್ನುವುದನ್ನೂ ಅದೇ ಉಸಿರಲ್ಲಿ ನೋಡಿಬಿಡಿ. ತಪ್ಪು ಆರಿಸಿದರೆ ಸರ್ವೋ ಒಂದು ಕೊನೆಗೆ ಹೋಗಿ ಗುದ್ದಿಕೊಂಡು ನಿಲ್ಲುತ್ತೆ, ನೋಡನೋಡುತ್ತಲೇ ಸುಡುತ್ತೆ.

ಯಲಹಂಕ_ಹುಡ್ಗ

ಒಂದು ಸಲಹೆ. ಮುಂದೆ ಯಾವಾಗಲಾದರೂ ಎಫ್‌ಬಿಎಲ್ ಬದಲಿಸಿದರೆ ರೋಟರ್‌ಫ್ಲೈಟ್ ನೋಡಿ. ಡ್ರೋನ್‌ಗಳ ಬೀಟಾಫ್ಲೈಟಿನಿಂದ ಕವಲೊಡೆದ ಓಪನ್ ಸೋರ್ಸ್ ಸಾಫ್ಟ್‌ವೇರ್, ಹೆಲಿಗಳಿಗೇ ಮಾಡಿದ್ದು. ಬೋರ್ಡಿನಲ್ಲಿ ಸೆನ್ಸರ್ ಇದ್ದರೆ ಬಿಇಸಿ ವೋಲ್ಟ್, ಹೆಡ್‌ಸ್ಪೀಡ್ ಎರಡನ್ನೂ ಹಾರುವಾಗಲೇ ಲಾಗ್ ಮಾಡುತ್ತೆ. ಇಎಲ್‌ಆರ್‌ಎಸ್ (ಓಪನ್ ಸೋರ್ಸ್ ರೇಡಿಯೋ ಲಿಂಕ್) ರಿಸೀವರ್ ಹಾಕಿದರೆ ಟ್ರಾನ್ಸ್‌ಮಿಟರಿನಲ್ಲೇ ಕಾಣಿಸುತ್ತೆ. 5 ವೋಲ್ಟಿಗಿಂತ ಕೆಳಗೆ ಇಳಿದ ಕೂಡಲೇ ಕೂಗು ಹಾಕುವ ಹಾಗೆ ಅಲಾರಂ ಇಡಬಹುದು.

ಮೀಟರ್_ಮೇಷ್ಟ್ರು

ಒಳ್ಳೇದು. ಆದರೆ ಅದು ಆಮೇಲೆ. ಈಗ ಬಾಲದ ಇನ್ನರ್ಧ ಉಳಿದಿದೆ. ಹುಬ್ಬಳ್ಳಿಯವರೇ, ಗವರ್ನರ್ (ರೋಟರ್ ವೇಗ ಒಂದೇ ಸಮ ಹಿಡಿದಿಡುವುದು) ಎಷ್ಟಕ್ಕೆ ಇಟ್ಟಿದ್ದೀರಿ?

ಹುಬ್ಬಳ್ಳಿ_ರೋಟರ್

ಇಎಸ್‌ಸಿಯ ಗವರ್ನರ್ ಆನ್ ಇದೆ. ಹಳೇ ಮಾಲೀಕರು 2800 ಹೆಡ್‌ಸ್ಪೀಡ್ ಬರುವ ಹಾಗೆ ಇಟ್ಟಿದ್ದಾರಂತೆ. ಪಿಚ್ ಗೇಜ್ ಇಟ್ಟು ನೋಡಿದೆ, ಮೇಲಕ್ಕೆ 13 ಡಿಗ್ರಿ ಬರುತ್ತೆ.

ಮೀಟರ್_ಮೇಷ್ಟ್ರು

ಸಿಕ್ಕಿತು.

3ಎಸ್ ಪ್ಯಾಕಿನ ಸಾಮಾನ್ಯ ವೋಲ್ಟ್ 11.1 ಗುಣಿಸು 3500, ಅಂದರೆ 38,850. ಇದು ಹೊರೆಯಿಲ್ಲದ ಮೋಟರಿನ ನಿಮಿಷದ ಸುತ್ತು. ಅದನ್ನು ಗೇರಿಗೆ ಇಳಿಸಿ: 13 ಭಾಗಿಸು 150. ಬರುವುದು 3367. ಹೊರೆ ಬಿದ್ದಾಗ ಇದರಲ್ಲಿ 85 ಪರ್ಸೆಂಟ್ ಸಿಕ್ಕರೆ ಭಾಗ್ಯ, ಅಂದರೆ 2860. ನಿಮ್ಮ ಗವರ್ನರಿಗೆ 2800 ಹಿಡಿದುಕೋ ಅಂತ ಹೇಳಿದ್ದೀರಿ. ಅದರ ಕೈಯಲ್ಲಿ ಉಳಿದದ್ದು 60 ಸುತ್ತು! ಹೊರೆ ಬಿದ್ದಾಗ ಥ್ರಾಟಲ್ ಏರಿಸಿಯೇ ಅಲ್ವಾ ಗವರ್ನರ್ ವೇಗ ಹಿಡಿಯುವುದು? ಏರಿಸಲು ಜಾಗವೇ ಇಲ್ಲ. ಬ್ಯಾಟರಿ ಅರ್ಧ ಖಾಲಿಯಾದ ಮೇಲೆ ಆ 60 ಕೂಡ ಇರಲ್ಲ. ಸೊರಗಿದ ಮೂರನೇ ಸೆಲ್ ಬೇರೆ. ಅದರ ಮೇಲೆ 13 ಡಿಗ್ರಿ ಪಿಚ್.

ಹೊಸ ಮೋಟರ್ ಬೇಡ, ಗವರ್ನರನ್ನು 2400ಕ್ಕೆ ಇಳಿಸಿ. ಪಿಚ್ ಮೇಲೆ 10, ಕೆಳಗೆ 10 ಸಾಕು. ಕಲಿಯುವಾಗ ಇದೇ ಹಿತ, ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತೆ. ಎಫ್‌ಬಿಎಲ್ ಯೂನಿಟ್ಟಿನಲ್ಲೂ ಗವರ್ನರ್ ಇದ್ದರೆ ಎರಡರಲ್ಲಿ ಒಂದೇ ಆನ್ ಇರಲಿ. ಪಿನಿಯನ್ 14 ಹಲ್ಲಿನದ್ದು ಹಾಕಿ ಅಂತ ಯಾರಾದರೂ ಹೇಳಿದರೆ ಈಗ ಕೇಳಬೇಡಿ. ಸುತ್ತು ಏರುತ್ತೆ ನಿಜ, ಕರೆಂಟೂ ಏರುತ್ತೆ, ನಿಮ್ಮ 35 ಆಂಪಿನ ಇಎಸ್‌ಸಿ ಬೆವರುತ್ತೆ.

ಟೇಲ್‌ಬೂಮ್

ಜೊತೆಗೆ ಬೆಲ್ಟ್ ನೋಡಿ. ಬೂಮಿನ ಹಿಂದಿನ ಬಾಯಿಂದ ಬೆಲ್ಟನ್ನು ಬೆರಳಿನಲ್ಲಿ ಒತ್ತಿ. ಎರಡೂ ಎಳೆ ಒಂದಕ್ಕೊಂದು ಸುಲಭಕ್ಕೆ ತಾಗಿದರೆ ಸಡಿಲ. ಹಲ್ಲು ಜಾರಿದಾಗಲೂ ಬಾಲ ಹೀಗೇ ಒದೆಯುತ್ತೆ.

ಇಎಸ್‌ಸಿ ಸೆಟ್ಟಿಂಗೂ ಒಮ್ಮೆ. ಬ್ರೇಕ್ ಆಫ್ ಇರಲಿ. ಸ್ಟಾರ್ಟ್ ಸಾಫ್ಟ್. ಲೋ ವೋಲ್ಟೇಜ್ ಕಟ್ಆಫ್ ಹಾರ್ಡ್ ಇದ್ದರೆ ಈಗಲೇ ಸಾಫ್ಟ್ ಮಾಡಿ. ವಿಮಾನದಲ್ಲಿ ಮೋಟರ್ ತಟ್ಟನೆ ನಿಂತರೆ ತೇಲಿ ಇಳಿಯಬಹುದು. ಆಟೋರೊಟೇಶನ್ ಬಾರದವರ ಹೆಲಿಗೆ ಆ ಸೌಕರ್ಯ ಇಲ್ಲ. ಕಟ್ಆಫ್ ನಂಬಿ ಹಾರಿಸುವುದೂ ಬೇಡ. ಟ್ರಾನ್ಸ್‌ಮಿಟರಿನಲ್ಲಿ ಟೈಮರ್ ಇಡಿ. ಇಳಿಸಿ ಸ್ವಲ್ಪ ಹೊತ್ತಿನ ಮೇಲೆ ಸೆಲ್ಲಿಗೆ 3.7 ವೋಲ್ಟಿನ ಮೇಲಿದ್ದರೆ ಟೈಮರ್ ಸರಿಯಿದೆ.

ಸ್ಟುಟ್‌ಗಾರ್ಟ್_ಸೀನ

ತಡವಾಗಿ ಬಂದೆ. ನಾನು ಇಲ್ಲಿ 700 ಹಾರಿಸುತ್ತೇನೆ, 12ಎಸ್. ದೊಡ್ಡದಕ್ಕೆ ಹೋದರೂ ಕಥೆ ಇದೇ, ಅಂಕಿ ಮಾತ್ರ ದೊಡ್ಡವು. ಸರ್ವೋಗಳು ಎಚ್‌ವಿ (ಹೈ ವೋಲ್ಟೇಜ್), 8 ವೋಲ್ಟ್ ಆಸುಪಾಸು. ನಾಲ್ಕೂ ಒಟ್ಟಿಗೆ ಎಳೆದರೆ ಕ್ಷಣಕ್ಕೆ 15 ಆಂಪ್ ದಾಟಬಹುದು. ಹಾಗಾಗಿ ಬಿಇಸಿಯಿಂದ ಎರಡು ವೈರ್ ಎಳೆಯುತ್ತೇವೆ, ಒಂದು ಸರ್ವೋ ಪ್ಲಗ್ ಅಷ್ಟು ಹೊರಲ್ಲ. ಬಿಇಸಿಯೇ ಕೈಕೊಟ್ಟರೆ ಅಂತ ಸೂಪರ್ ಕ್ಯಾಪಾಸಿಟರಿನ ಬಫರ್ ಅಥವಾ ಪುಟ್ಟ 2ಎಸ್ ಪ್ಯಾಕನ್ನು ಬ್ಯಾಕಪ್ ಇಡುತ್ತೇವೆ. ಇಳಿಸುವಷ್ಟು ಹೊತ್ತು ಸಿಗುತ್ತೆ.

ಬ್ಯಾಟರಿ ಕೂಡಿಸುವಾಗ ಇನ್ನೊಂದು ರಗಳೆ. ಫುಲ್ 12ಎಸ್ ಅಂದರೆ 50 ವೋಲ್ಟ್. ಇಎಸ್‌ಸಿಯ ಖಾಲಿ ಕ್ಯಾಪಾಸಿಟರ್‌ಗಳು ಅದನ್ನು ಒಂದೇ ಗುಟುಕಿಗೆ ನುಂಗುತ್ತವೆ. ಕನೆಕ್ಟರ್ ತಾಗಿದಾಗ ಚಟಾರ್ ಅಂತ ಕಿಡಿ. ದಿನ ಕಳೆದಂತೆ ಚಿನ್ನದ ಲೇಪ ಕಪ್ಪಾಗಿ ಸುಟ್ಟ ಗುಳಿ ಬೀಳುತ್ತೆ. ಅದಕ್ಕೇ ಒಳಗೇ ರೆಸಿಸ್ಟರ್ ಇರುವ ಆಂಟಿಸ್ಪಾರ್ಕ್ ಕನೆಕ್ಟರ್, ಎಕ್ಸ್‌ಟಿ90ಎಸ್ ಥರದ್ದು. 3ಎಸ್ ಹೆಲಿಗೆ ಅದು ಬೇಡ, ಸಾದಾ ಎಕ್ಸ್‌ಟಿ60 ಸಾಕು.

ಇಲ್ಲಿ ಚಳಿಗಾಲದಲ್ಲಿ ಪ್ಯಾಕನ್ನು ಬೆಚ್ಚಗೆ ಮಾಡದೆ ಹಾರಿಸಿದರೆ ಮೊದಲ ಪಿಚ್ಚಿಗೇ ಸೊರಗುತ್ತೆ. ನಿಮಗೆ ಹುಬ್ಬಳ್ಳಿಯಲ್ಲಿ ಆ ತಾಪತ್ರಯ ಇಲ್ಲ. ಇನ್ನು, ಜರ್ಮನಿಯಲ್ಲಿ ಇನ್ಶೂರೆನ್ಸ್ ಇಲ್ಲದೆ ಮಾಡೆಲ್ ಹಾರಿಸುವಂತಿಲ್ಲ, ಕಾನೂನೇ ಇದೆ.

ಯಲಹಂಕ_ಹುಡ್ಗ

ಸೀನಣ್ಣ, ಊರಿಗೆ ಬರುವಾಗ ಪ್ಯಾಕ್ ತರಬಹುದಾ?

ಸ್ಟುಟ್‌ಗಾರ್ಟ್_ಸೀನ

ಸಣ್ಣವು ಬರುತ್ತವೆ. ಚೆಕ್ಇನ್ ಬ್ಯಾಗಿನಲ್ಲಿ ಅಲ್ಲ, ಕೈಯಲ್ಲೇ, ಕನೆಕ್ಟರಿಗೆ ಟೇಪ್ ಸುತ್ತಿ. ಲೆಕ್ಕ ವ್ಯಾಟ್ಅವರಿನಲ್ಲಿ. 3ಎಸ್ 2200 ಅಂದರೆ 24, ತೊಂದರೆಯಿಲ್ಲ. ನನ್ನ 6ಎಸ್ 5000 ಅಂದರೆ 111. ಮಿತಿ 100. ಅದರ ಮೇಲಿದ್ದರೆ ವಿಮಾನ ಕಂಪನಿಯ ಒಪ್ಪಿಗೆ ಮೊದಲೇ ಬೇಕು. ಹಾಗಾಗಿ ನಾನು ತರಲ್ಲ.

ಕರಾವಳಿ_ಕಾಪ್ಟರ್

ಎಲ್ಲಿ ಹಾರಿಸುತ್ತಿದ್ದೀರಿ ಹುಬ್ಬಳ್ಳಿಯವರೇ? ಗೋಕುಲ ರಸ್ತೆ ಕಡೆ ಏರ್‌ಪೋರ್ಟ್ ಇದೆ. 2021ರ ಡ್ರೋನ್ ನಿಯಮಗಳಲ್ಲಿ ಮಾಡೆಲ್‌ಗಳ ಪ್ರಸ್ತಾಪವೂ ಇದೆ, 250 ಗ್ರಾಂ ಮೇಲಿನದ್ದು ನ್ಯಾನೋ (ಅತಿ ಸಣ್ಣ ವರ್ಗ) ಅಲ್ಲ, ನಿಮ್ಮದು ಅದಕ್ಕಿಂತ ಎಷ್ಟೋ ಜಾಸ್ತಿ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಹಸಿರಾ, ಹಳದಿಯಾ, ಕೆಂಪಾ ನೋಡಿಕೊಂಡು ಹೋಗಿ. ಜನ, ದನ ಇರುವ ಕಡೆ ಬೇಡವೇ ಬೇಡ. 2400 ಸುತ್ತಿನಲ್ಲೂ ನಿಮ್ಮ ಬ್ಲೇಡಿನ ತುದಿ ಗಂಟೆಗೆ 300 ಕಿಮೀ ಮೇಲೆ ಓಡುತ್ತಿರುತ್ತೆ.

ಹುಬ್ಬಳ್ಳಿ_ರೋಟರ್

ಊರಾಚೆ ಅಣ್ಣನ ಹೊಲದಲ್ಲಿ. ನಕ್ಷೆ ನೋಡಿದೆ, ಹಸಿರಿದೆ.

ಕೆಲಸ ಮುಗಿಸಿದೆ. ಸ್ವಿಚಿಂಗ್ ಬಿಇಸಿ ಹಾಕಿ 5.5ಕ್ಕೆ ಇಟ್ಟೆ. ಮೇಷ್ಟ್ರ ಪರೀಕ್ಷೆ ಮತ್ತೆ ಮಾಡಿದೆ, ಎಷ್ಟು ಗರಗರ ತಿರುಗಿಸಿದರೂ 5.4ಕ್ಕಿಂತ ಇಳಿಯಲಿಲ್ಲ. ಬಿಇಸಿ ಮುಟ್ಟಿದರೆ ಬರೀ ಉಗುರುಬೆಚ್ಚಗೆ. ಬೆಲ್ಟ್ ಸಡಿಲವೇ ಇತ್ತು, ಬೂಮ್ ಎಳೆದು ಬಿಗಿ ಮಾಡಿದೆ. ಗವರ್ನರ್ 2400, ಪಿಚ್ 10. ಸ್ನೇಹಿತನ ಒಳ್ಳೇ ಪ್ಯಾಕ್ ಹಾಕಿ ಹಾರಿಸಿದೆ. ಸ್ವಾಶ್ ಒಮ್ಮೆಯೂ ತಡೆಯಲಿಲ್ಲ, ದೀಪ ಮಿಣುಕಲಿಲ್ಲ. ಪಿಚ್ ಜೋರಾಗಿ ಕೊಟ್ಟರೆ ಬಾಲ ಇನ್ನೂ ಒಂದು ಚೂರು ಅಲ್ಲಾಡುತ್ತೆ, ಆದರೆ ತಾನೇ ವಾಪಸ್ ಬರುತ್ತೆ.

ಹಳೇ ಪ್ಯಾಕನ್ನು ಏನು ಮಾಡಲಿ?

ಟೇಲ್‌ಬೂಮ್

ಉಳಿದ ಅಲ್ಲಾಟ ಜೈರೋ ಗೇನಿನದ್ದು, ಅಂದರೆ ಬಾಲವನ್ನು ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಸೆಟ್ಟಿಂಗಿನದ್ದು. ಬಾಲ ನಡುಗಲು ಶುರುವಾಗುವ ತನಕ ಸ್ವಲ್ಪ ಸ್ವಲ್ಪವೇ ಏರಿಸಿ, ನಡುಗಿದ ಕೂಡಲೇ ಒಂದು ಮೆಟ್ಟಿಲು ಇಳಿಸಿ.

ಪ್ಯಾಕಿಗೆ ಕಾರಿನ 12 ವೋಲ್ಟ್ 21 ವ್ಯಾಟ್ ಬಲ್ಬ್ ಕಟ್ಟಿ ಬಯಲಲ್ಲಿಡಿ, ಪೂರ್ತಿ ಸೊನ್ನೆಗೆ ಇಳಿಯಲಿ. ಆಮೇಲೆ ಇ-ವೇಸ್ಟಿಗೆ. ಕಸದ ಡಬ್ಬಿಗೆ ಬೇಡ. ಹೊಸ ಪ್ಯಾಕನ್ನು 2.2 ಆಂಪಿನಲ್ಲೇ ಚಾರ್ಜ್ ಮಾಡಿ, ಹಾರಿಸದ ದಿನ ಸೆಲ್ಲಿಗೆ 3.8 ವೋಲ್ಟಿನಲ್ಲಿ ಇಡಿ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ.

ಹುಬ್ಬಳ್ಳಿ_ರೋಟರ್

ಆಯ್ತು. ದೊಡ್ಡ ಮೋಟರ್ ಯೋಚನೆ ಬಿಟ್ಟೆ. ಆ ದುಡ್ಡಲ್ಲಿ ಎರಡು ಪ್ಯಾಕ್, ಒಂದು ಮೇನ್ ಗೇರ್, ಒಂದು ಜೊತೆ ಬ್ಲೇಡ್ ತಗೊಳ್ಳೋಣ ಅಂತಿದ್ದೇನೆ.

ನೈಟ್ರೋ_ಗೌಡ

ಮೇನ್ ಗೇರ್ ಮೂರು ತಗೊಳ್ಳಿ.